ಸೀಟ್ ಬೆಲ್ಟ್: ಏಕೆ ಬೇಕು, ಹೇಗೆ ಬಿಗಿಯಬೇಕು, ಎಲ್ಲಿ ಕೆಡುತ್ತದೆ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಗೋಡೆಗೆ ಗುದ್ದಿದರೆ ನಿಲ್ಲುವುದು ಕಾರು ಮಾತ್ರ. ಒಳಗೆ ಕೂತವರು ನಿಲ್ಲುವುದಿಲ್ಲ. ಸೆಕೆಂಡಿಗೆ ಸುಮಾರು 14 ಮೀಟರಿನಂತೆ ಅವರು ಮುಂದಕ್ಕೆ ಹೋಗುತ್ತಲೇ ಇರುತ್ತಾರೆ, ಸ್ಟೀರಿಂಗೋ ಡ್ಯಾಶ್‌ಬೋರ್ಡೋ ಮುಂದಿನ ಸೀಟೋ ಅಡ್ಡ ಬರುವವರೆಗೆ. 10 ಮೀಟರ್ ಎತ್ತರದಿಂದ ಬಿದ್ದವರು ನೆಲ ಮುಟ್ಟುವುದೂ ಇದೇ ವೇಗದಲ್ಲಿ. ಮೂರನೇ ಮಹಡಿಯ ಅಂಚಿನಲ್ಲಿ ಹಿಡಿಕೆಯಿಲ್ಲದೆ ಕೂರಲು ಒಪ್ಪದವರೂ ಬೆಲ್ಟಿಲ್ಲದೆ ಕಾರಿನಲ್ಲಿ ಆರಾಮಾಗಿ ಕೂರುತ್ತಾರೆ. ಎತ್ತರ ಕಣ್ಣಿಗೆ ಕಾಣುತ್ತದೆ, ವೇಗ ಕಾಣುವುದಿಲ್ಲ.

ಬೆಲ್ಟಿನ ಕೆಲಸ ಹಿಡಿದು ನಿಲ್ಲಿಸುವುದು ಎಂದುಕೊಂಡವರೇ ಹೆಚ್ಚು. ನಿಜವಾಗಿ ಅದರ ಕೆಲಸ ನಿಧಾನವಾಗಿ ನಿಲ್ಲಿಸುವುದು. ಗುದ್ದಿದಾಗ ಕಾರಿನ ಮೂತಿ ಅರ್ಧ ಮೀಟರಿನಷ್ಟು ನಜ್ಜುಗುಜ್ಜಾಗುತ್ತದೆ. ಹಾಗೆ ಮಡಚಿಕೊಳ್ಳಲೆಂದೇ ಅದನ್ನು ಕಟ್ಟಿರುತ್ತಾರೆ. ಬೆಲ್ಟ್ ಬಿಗಿಯಾಗಿದ್ದರೆ ಆ ಅರ್ಧ ಮೀಟರು, ಜೊತೆಗೆ ಬೆಲ್ಟ್ ತುಸು ಹಿಗ್ಗುವ ದೂರ, ಎರಡೂ ನಿಮ್ಮ ಮೈಗೆ ದಕ್ಕುತ್ತವೆ. ಒಟ್ಟು 60 ಸೆಂ.ಮೀ. ಎಂದಿಟ್ಟುಕೊಳ್ಳಿ. 70 ಕೆ.ಜಿ. ತೂಕದವರನ್ನು 50 ಕಿ.ಮೀ. ವೇಗದಿಂದ ಆ ದೂರದಲ್ಲಿ ನಿಲ್ಲಿಸಲು ಸರಾಸರಿ 1,150 ಕೆ.ಜಿ. ಭಾರದಷ್ಟು ಬಲ ಬೇಕು. ಎದೆಗೂ ಸೊಂಟಕ್ಕೂ ಹಂಚಿಹೋದರೆ ಆರೋಗ್ಯವಂತ ಮೈ ಇದನ್ನು ತಡೆದುಕೊಳ್ಳುತ್ತದೆ. ಒಂದೆರಡು ಪಕ್ಕೆಲುಬು ಬಿರುಕು ಬಿಡಬಹುದು, ಚರ್ಮ ಕಂದಬಹುದು.

ಬೆಲ್ಟ್ ಹಾಕದವರ ಲೆಕ್ಕವೇ ಬೇರೆ. ಅವರು ಡ್ಯಾಶ್‌ಬೋರ್ಡ್ ತಲುಪುವ ಹೊತ್ತಿಗೆ ಕಾರು ಹೆಚ್ಚುಕಡಿಮೆ ನಿಂತಾಗಿರುತ್ತದೆ. ಮೂತಿ ಮಡಚಿದ್ದರಿಂದ ಸಿಕ್ಕ ದೂರದಲ್ಲಿ ಅವರಿಗೆ ಏನೂ ಉಳಿದಿರುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕೂ ಅವರ ಮೈಯೂ ತಗ್ಗುವ ಸುಮಾರು ಐದು ಸೆಂ.ಮೀ.ಯಲ್ಲೇ ಇಡೀ ವೇಗ ಇಳಿಯಬೇಕು. ಅಂದರೆ 13ರಿಂದ 14 ಟನ್ ಭಾರದ ಬಲ, ಅದೂ ತಲೆಗೋ ಎದೆಯ ಒಂದು ಬಿಂದುವಿಗೋ. ಈ ಹನ್ನೆರಡು ಪಟ್ಟಿನ ವ್ಯತ್ಯಾಸವೇ ಸೀಟ್ ಬೆಲ್ಟ್. ಮುಂದೆ ಹೇಳುವ ಬಿಗಿತ, ಜಾಗ, ತಿರುಚು, ದಪ್ಪ ಕೋಟು, ಎಲ್ಲ ಸೂಚನೆಗಳೂ ಆ 60 ಸೆಂ.ಮೀ.ಯನ್ನು ಉಳಿಸಿಕೊಳ್ಳುವ ಉಪಾಯಗಳೇ.

"ಗುದ್ದುವಾಗ ಕೈ ಊರಿಕೊಂಡರಾಯಿತು" ಎನ್ನುವವರು ಆ 1,150 ಕೆ.ಜಿ.ಯನ್ನು ನೆನೆಯಲಿ. ಇಡೀ ಘಟನೆ ಮುಗಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಕೈ ಎತ್ತುವುದಕ್ಕೂ ಪುರುಸೊತ್ತಿಲ್ಲ. ತೊಡೆಯ ಮೇಲಿನ 8 ಕೆ.ಜಿ. ಮಗು ಆ ಗಳಿಗೆಯಲ್ಲಿ 130 ಕೆ.ಜಿ. ಮೀರಿ ಎಳೆಯುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು.

ಮೊದಲು ಸೀಟು, ಆಮೇಲೆ ಬೆಲ್ಟ್

ಸೀಟು ಸರಿಯಿಲ್ಲದಿದ್ದರೆ ಬೆಲ್ಟ್ ಸರಿ ಕೂರುವುದಿಲ್ಲ. ಪೃಷ್ಠವನ್ನು ಸೀಟಿನ ಮೂಲೆಯವರೆಗೆ ಹಿಂದಕ್ಕೆ ಸರಿಸಿ, ಬೆನ್ನು ಪೂರ್ತಿ ಒರಗುವಂತೆ ಕೂತುಕೊಳ್ಳಿ. ಒರಗನ್ನು ಸಾಕಷ್ಟು ನೆಟ್ಟಗೆ ಮಾಡಿ. ಪೆಡಲನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು. ಸ್ಟೀರಿಂಗಿನ ನಡುವಿನಿಂದ ಎದೆಯವರೆಗೆ ಕನಿಷ್ಠ 25 ಸೆಂ.ಮೀ. ಅಂತರ ಬೇಕು, ಏರ್‌ಬ್ಯಾಗ್ ತೆರೆದುಕೊಳ್ಳಲು. ಹೆಡ್‌ರೆಸ್ಟಿನ ಮೇಲಂಚು ತಲೆಯ ಮೇಲ್ಭಾಗದ ಮಟ್ಟಕ್ಕೆ ಬರಲಿ. ಇಷ್ಟಾದ ಮೇಲೆ ಬೆಲ್ಟಿಗೆ ಕೈ ಹಾಕಿ.

1. ಪಟ್ಟಿಯನ್ನು ನಿಧಾನವಾಗಿ, ಒಂದೇ ಸಮ ಎಳೆಯಿರಿ. ಸಟಕ್ಕನೆ ಎಳೆದರೆ ಅದು ಬಿಗಿದು ನಿಲ್ಲುತ್ತದೆ. ಅದು ದೋಷವಲ್ಲ, ಅದರ ಗುಣ.

2. ತಿರುಚಿದೆಯೇ ನೋಡಿ. ವಿಶ್ವಸಂಸ್ಥೆಯ 16ನೇ ವಾಹನ ನಿಯಮಾವಳಿಯ ಪ್ರಕಾರ ಎಳೆತದಲ್ಲಿರುವಾಗಲೂ ಪಟ್ಟಿಯ ಅಗಲ 46 ಮಿ.ಮೀ.ಗಿಂತ ಕಡಿಮೆಯಾಗಬಾರದು. ಆ ಅಗಲ ಸುಮ್ಮನೆ ಇಟ್ಟದ್ದಲ್ಲ. ತಿರುಚಿ ಹಗ್ಗದಂತಾದ ಪಟ್ಟಿ 15 ಮಿ.ಮೀ. ಜಾಗದಲ್ಲಿ ಒತ್ತಿದರೆ ಅಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ.

3. ಪಟ್ಟಿಯ ಲೋಹದ ನಾಲಿಗೆಯನ್ನು ಬಕಲಿಗೆ ತೂರಿಸಿ, ಟಕ್ ಎಂಬ ಸದ್ದು ಬರುವವರೆಗೆ ಒತ್ತಿ. ಆಮೇಲೆ ಒಮ್ಮೆ ಮೇಲಕ್ಕೆ ಜಗ್ಗಿ ನೋಡಿ. ಒಳಗೆ ನಾಣ್ಯವೋ ತಿಂಡಿಯ ಚೂರೋ ಸೇರಿದ್ದರೆ ಸಿಕ್ಕಿಕೊಂಡಂತೆ ಕಂಡು, ಜಗ್ಗಿದಾಗ ಬಿಟ್ಟುಬರುತ್ತದೆ.

4. ಕೆಳಪಟ್ಟಿಯನ್ನು ಕೈಯಿಂದ ಕೆಳಕ್ಕೆ ತಳ್ಳಿ. ಅದು ಹೊಟ್ಟೆಯ ಮೇಲಲ್ಲ, ತೊಡೆಯ ಬುಡಕ್ಕೆ ತಾಗಿಕೊಂಡು ಸೊಂಟದ ಎರಡು ಮೂಳೆಗಳಿಗೆ ಸಿಕ್ಕಿ ಕೂರಬೇಕು.

5. ಎದೆಪಟ್ಟಿಯನ್ನು ಭುಜದ ಕಡೆಗೆ ಮೇಲಕ್ಕೆ ಎಳೆದು ಸಡಿಲ ತೆಗೆಯಿರಿ. ಕೆಳಪಟ್ಟಿಯ ಸಡಿಲವೂ ಇದರಿಂದಲೇ ಹೋಗುತ್ತದೆ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು; ಟಕ್ ಎಂದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ.

6. ಎದೆಪಟ್ಟಿ ಕತ್ತಿಗೂ ಭುಜದ ತುದಿಗೂ ನಡುವೆ, ಕೊರಳ ಮೂಳೆಯ ಮಧ್ಯಭಾಗದ ಮೇಲಿಂದ ಎದೆಮೂಳೆಯನ್ನು ಹಾದು ಹೋಗಬೇಕು. ಕತ್ತಿಗೆ ತರಚುತ್ತಿದ್ದರೆ ಬಾಗಿಲ ಕಂಬದ ಮೇಲಿನ ಎತ್ತರದ ಗುಂಡಿ ಒತ್ತಿ ಒಂದು ಹಂತ ಇಳಿಸಿ. ಭುಜದಿಂದ ಜಾರುತ್ತಿದ್ದರೆ ಏರಿಸಿ.

ದಪ್ಪ ಕೋಟು ತೊಟ್ಟವರು ಅದನ್ನು ಬಿಚ್ಚಿ ಹಾಕಿಕೊಳ್ಳಲಿ, ಇಲ್ಲವೇ ಗುಂಡಿ ತೆರೆದು ಪಟ್ಟಿಯನ್ನು ಒಳಗಿನಿಂದ ಹಾಯಿಸಲಿ. ಬಟ್ಟೆ ಅಮುಕಿದಷ್ಟೂ ದೂರ ಬೆಲ್ಟಿನ ಲೆಕ್ಕದಲ್ಲಿ ಸಡಿಲವೇ. ಎದೆ ಜೇಬಿನ ಪೆನ್ನು, ಸೊಂಟದ ಬೀಗದ ಕೈಗೊಂಚಲು ಪಟ್ಟಿಯಡಿ ಸಿಕ್ಕರೆ ಮೊಳೆಯಾಗುತ್ತವೆ.

ಮೂಳೆಯ ಮೇಲೇ ಏಕೆ

ಸೊಂಟದ ಮೂಳೆ, ಕೊರಳ ಮೂಳೆ, ಎದೆಗೂಡು, ಈ ಮೂರು ಭಾರ ಹೊರಬಲ್ಲವು. ಹೊಟ್ಟೆಯ ಮುಂದೆ ಮೂಳೆಯಿಲ್ಲ. ಕೆಳಪಟ್ಟಿ ಹೊಟ್ಟೆಯ ಮೇಲಿದ್ದರೆ ಗುದ್ದಿನಲ್ಲಿ ಅದು ಕರುಳನ್ನು ಬೆನ್ನುಮೂಳೆಗೆ ಒತ್ತಿ ಹರಿಯುತ್ತದೆ, ಸೊಂಟದ ಕಶೇರುಖಂಡವನ್ನೂ ಮುರಿಯಬಹುದು. ಒರಗನ್ನು ಹಾಸಿಗೆಯಂತೆ ಚಾಚಿ ಮಲಗುವ ಮುಂದಿನ ಪ್ರಯಾಣಿಕರಿಗೆ ಇದೇ ಆಗುವುದು. ಅವರ ಸೊಂಟ ಪಟ್ಟಿಯಡಿಯಿಂದ ಮುಂದಕ್ಕೆ ಜಾರುತ್ತದೆ, ಪಟ್ಟಿ ಹೊಟ್ಟೆಗೆ ಏರುತ್ತದೆ, ಎದೆಪಟ್ಟಿ ಕತ್ತಿಗೆ ಬರುತ್ತದೆ. ನಿದ್ದೆ ಬಂದರೆ ನೆಟ್ಟಗೆ ಕೂತೇ ಮಲಗಬೇಕು; ಸುಖವಿಲ್ಲ, ಆದರೆ ಬೇರೆ ದಾರಿಯೂ ಇಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚುವುದು ಇನ್ನೂ ಕೆಟ್ಟದ್ದು. ಸೊಂಟ ಜಾರುವುದರ ಜೊತೆಗೆ ಏರ್‌ಬ್ಯಾಗ್ ಕೆಳಗಿನಿಂದ ಮೊಣಕಾಲನ್ನು ಮುಖಕ್ಕೆ ಬಡಿಯುತ್ತದೆ.

ಎದೆಪಟ್ಟಿಯನ್ನು ಕಂಕುಳಡಿ ಹಾಯಿಸಿಕೊಳ್ಳುವವರಿದ್ದಾರೆ. ಆಗ ಭಾರವೆಲ್ಲ ಕೆಳಗಿನ ಮೆದು ಪಕ್ಕೆಲುಬುಗಳ ಮೇಲೆ. ಅದರ ಹಿಂದೆ ಇರುವುದು ಯಕೃತ್ತು, ಗುಲ್ಮ. ಬೆನ್ನ ಹಿಂದೆ ಹಾಕಿದರೆ ಮೇಲಿನ ಮೈಯನ್ನು ತಡೆಯುವುದೇನೂ ಇರುವುದಿಲ್ಲ; ಸೊಂಟದಲ್ಲಿ ಚಾಕುವಿನಂತೆ ಮಡಚಿ ತಲೆ ಹೋಗಿ ಬಡಿಯುತ್ತದೆ.

ಗರ್ಭಿಣಿಯರು ಬೆಲ್ಟ್ ಬಿಡಬಾರದು, ಹಾಕುವ ಜಾಗ ಮಾತ್ರ ಎಚ್ಚರದಿಂದ ನೋಡಿಕೊಳ್ಳಬೇಕು. ಕೆಳಪಟ್ಟಿ ಉಬ್ಬಿದ ಹೊಟ್ಟೆಯ ಕೆಳಗೆ, ತೊಡೆಯ ಬುಡದಲ್ಲಿ. ಎದೆಪಟ್ಟಿ ಸ್ತನಗಳ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ. ಹೊಟ್ಟೆಯ ಮೇಲೆ ಅಡ್ಡಲಾಗಿ ಯಾವ ಪಟ್ಟಿಯೂ ಇರಕೂಡದು. ದಿನ ತುಂಬಿದಂತೆ ಸೀಟನ್ನು ಹಿಂದಕ್ಕೆ ಸರಿಸುತ್ತ ಬರಬೇಕು.

ಮಕ್ಕಳಿಗೆ ದೊಡ್ಡವರ ಬೆಲ್ಟ್ ಸುಮ್ಮನೆ ಹಾಕಿದರೆ ಸಾಲದು. ಕೂಸುಗಳಿಗೆ ಹಿಂದಕ್ಕೆ ಮುಖ ಮಾಡಿದ ಸೀಟು ಬೇಕು. ಅದನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಯಾವ ಕಾರಣಕ್ಕೂ ಇಡಬಾರದು. ಏರ್‌ಬ್ಯಾಗ್ ಅರಳುವುದೇ ಮಗುವಿನ ತಲೆಯ ಹಿಂಬದಿಗೆ ಬಡಿದಂತೆ. ದೊಡ್ಡ ಮಕ್ಕಳಿಗೆ ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು. ಬೂಸ್ಟರ್ ಬಿಡಿಸಬಹುದೇ ಎಂದು ನೋಡಲು ವಯಸ್ಸು ಕೇಳಬೇಡಿ, ಕೂರಿಸಿ ನೋಡಿ. ಬೆನ್ನು ಪೂರ್ತಿ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚುತ್ತದೆಯೇ? ಕೆಳಪಟ್ಟಿ ತೊಡೆಗೆ ತಾಗಿದೆಯೇ? ಎದೆಪಟ್ಟಿ ಭುಜದ ನಡುವೆ ಇದೆಯೇ? ಇಡೀ ಪ್ರಯಾಣ ಹಾಗೇ ಕೂರಬಲ್ಲದೇ? ಒಂದಕ್ಕೆ ಇಲ್ಲ ಎಂದರೂ ಬೂಸ್ಟರ್ ಇರಲಿ. ಸಾಮಾನ್ಯವಾಗಿ 145ರಿಂದ 150 ಸೆಂ.ಮೀ. ಎತ್ತರಕ್ಕೆ ಬಂದಾಗ ಬೆಲ್ಟ್ ಸರಿಹೊಂದುತ್ತದೆ. ಒಂದೇ ಬೆಲ್ಟಿನಲ್ಲಿ ಇಬ್ಬರು ಮಕ್ಕಳನ್ನು ಸೇರಿಸಿ ಕಟ್ಟಿದರೆ ಒಬ್ಬರ ತಲೆ ಇನ್ನೊಬ್ಬರಿಗೆ ಸುತ್ತಿಗೆಯಾಗುತ್ತದೆ.

ಹಿಂದೆ ಕೂತವರು

ಹಿಂದಿನ ಸೀಟಿನಲ್ಲಿ ಬೆಲ್ಟ್ ಏಕೆ ಎಂಬ ಪ್ರಶ್ನೆಗೆ ಎರಡು ಉತ್ತರ. ಮೊದಲನೆಯದು ಅವರ ಸ್ವಂತ ಜೀವ: ಮುಂದಿನವರಲ್ಲಿ ಬೆಲ್ಟ್ ಸಾವಿನ ಅಪಾಯವನ್ನು 45ರಿಂದ 50 ಶೇಕಡಾ, ಹಿಂದಿನವರಲ್ಲಿ ಸಾವು ಮತ್ತು ಗಂಭೀರ ಗಾಯದ ಅಪಾಯವನ್ನು 25 ಶೇಕಡಾ ತಗ್ಗಿಸುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎರಡನೆಯದು ಮುಂದೆ ಕೂತವರ ಜೀವ. ಬೆಲ್ಟಿಲ್ಲದೆ ಹಿಂದೆ ಕೂತವರು ಒಂದು ಟನ್ ಮೀರಿದ ಬಲದಲ್ಲಿ ಮುಂದಿನ ಸೀಟಿನ ಬೆನ್ನಿಗೆ ಬಂದು ಬಡಿಯುತ್ತಾರೆ. ಬೆಲ್ಟ್ ಹಾಕಿದ ಚಾಲಕ ಆಗ ಮುಂದಿನ ಬೆಲ್ಟಿಗೂ ಹಿಂದಿನ ಮನುಷ್ಯನಿಗೂ ನಡುವೆ ಅರೆದುಹೋಗುತ್ತಾನೆ. ಆದ್ದರಿಂದ ಎಲ್ಲರೂ ಹಾಕುವವರೆಗೆ ಗಾಡಿ ಹೊರಡಿಸದಿರುವುದು ಚಾಲಕರ ಹಠವಲ್ಲ, ಆತ್ಮರಕ್ಷಣೆ. ಹಿಂಗಾಜಿನ ಬಳಿ ಇಟ್ಟ ನೀರಿನ ಬಾಟಲಿ, ಕೊಡೆ, ಲ್ಯಾಪ್‌ಟಾಪ್‌ಗಳಿಗೂ ಇದೇ ಮಾತು. ಅವನ್ನು ಡಿಕ್ಕಿಗೆ ಹಾಕಿ.

ಹಿಂದಿನ ಬಕಲುಗಳು ಸೀಟಿನ ಸಂದಿಗೆ ಇಳಿದಿರುವುದು, ಸೀಟ್ ಕವರಿನಡಿ ಹೂತಿರುವುದು ತೀರ ಸಾಮಾನ್ಯ. ಮೂರನ್ನೂ ಮೇಲೆತ್ತಿಡಿ. ನಡುವಿನ ಸೀಟಿನ ನಾಲಿಗೆಯನ್ನು ಪಕ್ಕದ ಬಕಲಿಗೆ ಸಿಕ್ಕಿಸುವ ತಪ್ಪೂ ಆಗುತ್ತದೆ. ನಡುವೆ ಸೊಂಟಪಟ್ಟಿ ಮಾತ್ರ ಇರುವ ಹಳೆಯ ಗಾಡಿಯಾದರೆ ಎದೆಗೂ ಸೊಂಟಕ್ಕೂ ಪಟ್ಟಿಯಿರುವ, ಅಂದರೆ ಮೂರು ಬಿಂದುವಿನ ಬೆಲ್ಟಿರುವ ಜಾಗಗಳು ಮೊದಲು ತುಂಬಲಿ.

ಏರ್‌ಬ್ಯಾಗ್ ಇದೆಯಲ್ಲ?

ಏರ್‌ಬ್ಯಾಗ್ ವ್ಯವಸ್ಥೆಯ ಹೆಸರಿನಲ್ಲೇ 'ಪೂರಕ' ಎಂಬ ಮಾತಿದೆ. ಪೂರಕ ಯಾವುದಕ್ಕೆ ಎಂದರೆ ಬೆಲ್ಟಿಗೆ. ಚೀಲ ಸುಮಾರು 30 ಮಿಲಿಸೆಕೆಂಡಿನಲ್ಲಿ ಉಬ್ಬಿ, ತಕ್ಷಣ ಗಾಳಿ ಬಿಡಲು ತೊಡಗುತ್ತದೆ. ಬೆಲ್ಟ್ ಹಾಕಿದವರ ತಲೆ ಬಂದು ತಾಗುವುದು ಚೀಲ ಉಬ್ಬಿದ ಮೇಲೆ, ಮೆತ್ತೆಗೆ ಒರಗಿದಂತೆ. ಬೆಲ್ಟಿಲ್ಲದವರು, ಅದರಲ್ಲೂ ಗುದ್ದುವ ಮುನ್ನ ಬ್ರೇಕಿಗೇ ಮುಂದಕ್ಕೆ ಜಾರಿದವರು, ಉಬ್ಬುತ್ತಿರುವ ಚೀಲಕ್ಕೇ ಮುಖ ಕೊಡುತ್ತಾರೆ. ಮಗುಚುವ ಗಾಡಿಯಲ್ಲಿ ಮುಂದಿನ ಏರ್‌ಬ್ಯಾಗಿನಿಂದ ಹೆಚ್ಚೇನೂ ಉಪಯೋಗವಿಲ್ಲ. ಅಲ್ಲಿ ಜನ ಸಾಯುವುದು ಹೊರಗೆ ಎಸೆಯಲ್ಪಟ್ಟು, ಕೆಲವೊಮ್ಮೆ ತಮ್ಮದೇ ಗಾಡಿಯ ಅಡಿಗೆ ಸಿಕ್ಕಿ. ಒಳಗೆ ಉಳಿಸುವುದು ಬೆಲ್ಟ್ ಮಾತ್ರ. ಲಾರಿಯ ಎತ್ತರದ ಕ್ಯಾಬಿನ್ ಸುರಕ್ಷಿತ ಎಂದು ನಂಬುವ ಚಾಲಕರಿಗೆ ಇದು ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಭಾರ ಮೇಲಿದ್ದಷ್ಟೂ ಗಾಡಿ ಬೇಗ ಮಗುಚುತ್ತದೆ.

ಒಳಗಿನ ಯಂತ್ರ

ಮೂರು ಬಿಂದುವಿನ ಇಂದಿನ ಬೆಲ್ಟ್ 1959ರಲ್ಲಿ ವೋಲ್ವೊ ಕಾರಿನಲ್ಲಿ ಬಂತು. ರೂಪಿಸಿದವರು ನಿಲ್ಸ್ ಬೋಲಿನ್. ಅದಕ್ಕೂ ಮುಂಚೆ ಸಾಬ್ ಕಂಪನಿಯಲ್ಲಿ ವಿಮಾನದಿಂದ ಪೈಲಟ್ಟನ್ನು ಹೊರಚಿಮ್ಮಿಸುವ ಸೀಟುಗಳ ಕೆಲಸ ಮಾಡಿದವರು. ವಿನ್ಯಾಸವನ್ನು ಬೇರೆ ತಯಾರಕರೂ ಬಳಸಲು ವೋಲ್ವೊ ಮುಕ್ತವಾಗಿ ಬಿಟ್ಟಿತು. ಬೆಲ್ಟ್ ಧರಿಸುವುದನ್ನು ಕಡ್ಡಾಯ ಮಾಡಿದ ಮೊದಲ ಸರ್ಕಾರಗಳಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು, 1970ರಲ್ಲಿ.

ಪಟ್ಟಿ ಪಾಲಿಯೆಸ್ಟರ್ ನೇಯ್ಗೆ. 16ನೇ ನಿಯಮಾವಳಿ ಕೇಳುವುದು ಕನಿಷ್ಠ 14.7 ಕಿಲೋನ್ಯೂಟನ್ ತಾಳಿಕೆ, ಅಂದರೆ ಒಂದೂವರೆ ಟನ್ ತೂಗಿಹಾಕುವಷ್ಟು. ಪಟ್ಟಿ ಸುತ್ತಿಕೊಳ್ಳುವ ರಿಟ್ರ್ಯಾಕ್ಟರ್ ಬಾಗಿಲ ಕಂಬದ ಬುಡದಲ್ಲಿರುತ್ತದೆ. ಅದು ಎರಡು ಕಾರಣಕ್ಕೆ ಬಿಗಿಯುತ್ತದೆ: ಪಟ್ಟಿಯನ್ನು ಸಟಕ್ಕನೆ ಎಳೆದಾಗ, ಮತ್ತು ಗಾಡಿಯೇ ಜೋರಾಗಿ ನಿಧಾನಿಸಿದಾಗ ಅಥವಾ ವಾಲಿದಾಗ. ಎರಡನೆಯದನ್ನು ಗುರುತಿಸುವುದು ಬಟ್ಟಲಲ್ಲಿ ಕೂತ ಪುಟ್ಟ ಉಕ್ಕಿನ ಗುಂಡು. ಅದು ಉರುಳಿದರೆ ಹಲ್ಲು ಸಿಕ್ಕಿಕೊಳ್ಳುತ್ತದೆ. ಕಡಿದಾದ ಇಳಿಜಾರಿನಲ್ಲಿ ನಿಲ್ಲಿಸಿದಾಗ ಬೆಲ್ಟ್ ಹೊರಗೆ ಬಾರದೆ ಸತಾಯಿಸುವುದು ಇದರಿಂದಲೇ. 12 ಡಿಗ್ರಿವರೆಗಿನ ವಾಲಿಕೆಗೆ ಬಿಗಿಯಬಾರದು, 27 ಡಿಗ್ರಿ ಮೀರಿದರೆ ಬಿಗಿಯಲೇಬೇಕು ಎಂಬುದು ಅದೇ ನಿಯಮಾವಳಿಯ ಮಿತಿ. ಹಾಗಾದಾಗ ಜಗ್ಗಾಡಬೇಡಿ. ಪಟ್ಟಿಯನ್ನು ಸ್ವಲ್ಪ ಒಳಗೆ ಬಿಟ್ಟು, ಮತ್ತೆ ಮೆಲ್ಲಗೆ ಎಳೆಯಿರಿ.

ಅನೇಕ ಕಾರುಗಳಲ್ಲಿ ಇನ್ನೆರಡು ಭಾಗಗಳಿವೆ. ಪ್ರಿಟೆನ್ಶನರ್ ಗುದ್ದಿನ ಮೊದಲ ಕ್ಷಣದಲ್ಲೇ ಪುಟ್ಟ ಸಿಡಿಮದ್ದು ಉರಿಸಿ ಪಟ್ಟಿಯನ್ನು ಹಿಂದಕ್ಕೆ ಎಳೆದು ಉಳಿದ ಸಡಿಲ ತೆಗೆಯುತ್ತದೆ. ಲೋಡ್ ಲಿಮಿಟರ್ ತದ್ವಿರುದ್ಧ: ಎದೆಯ ಮೇಲಿನ ಬಲ ಮಿತಿ ಮೀರಿದಾಗ ಒಳಗಿನ ಉಕ್ಕಿನ ಸರಳು ತಿರುಚಿಕೊಂಡು ಪಟ್ಟಿಯನ್ನು ತುಸು ಬಿಡುತ್ತದೆ. ಮೊದಲು ಬಿಗಿ, ಆಮೇಲೆ ಅಳತೆಯಿಟ್ಟು ಸಡಿಲ. ಇವು ಒಮ್ಮೆ ಕೆಲಸ ಮಾಡಿದರೆ ಮುಗಿಯಿತು.

ತಿಂಗಳಿಗೊಮ್ಮೆ ಐದು ನಿಮಿಷ

ಪ್ರತಿ ಬೆಲ್ಟನ್ನೂ ಕೊನೆಯವರೆಗೆ ಎಳೆದು ಎರಡೂ ಬದಿ ನೋಡಿ. ಅಂಚಿನಲ್ಲಿ ಕತ್ತರಿಸಿದ ಎಳೆ, ಸಿಗರೇಟಿನ ಸುಟ್ಟ ತೂತು, ಬಾಗಿಲಿಗೆ ಸಿಕ್ಕಿ ಜಜ್ಜಿದ ಗುರುತು, ಬಿಸಿಲಿಗೆ ಬಿಳಿಚಿ ಪುಡಿಯಾಗುವ ನಾರು, ಇವುಗಳಲ್ಲಿ ಯಾವುದಿದ್ದರೂ ಇಡೀ ಬೆಲ್ಟ್ ಬದಲಿಸಬೇಕು. ಹೊಲಿಗೆ ಹಾಕಿಸಿ ಬಳಸುವುದು ಬೇಡವೇ ಬೇಡ. ಆಮೇಲೆ ಸಟಕ್ಕನೆ ಜಗ್ಗಿ; ಬಿಗಿಯಬೇಕು. ಬಿಟ್ಟರೆ ತಾನೇ ಪೂರ್ತಿ ಸುತ್ತಿಕೊಳ್ಳಬೇಕು. ಬಕಲಿಗೆ ಹಾಕಿ ಜಗ್ಗಿ, ಕೆಂಪು ಗುಂಡಿ ಒತ್ತಿ. ನಾಲಿಗೆ ಚಿಮ್ಮಿ ಹೊರಬರಬೇಕು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಆರದಿದ್ದರೆ ಪ್ರಿಟೆನ್ಶನರ್ ಕೂಡ ಕೆಲಸ ಮಾಡದಿರಬಹುದು, ಏಕೆಂದರೆ ಎರಡಕ್ಕೂ ನಿಯಂತ್ರಕ ಒಂದೇ.

ಬೆಲ್ಟ್ ನಿಧಾನವಾಗಿ ಸುತ್ತಿಕೊಳ್ಳುತ್ತಿದ್ದರೆ ಹೆಚ್ಚಿನ ಸಲ ಕಾರಣ ಕೊಳೆ. ಭುಜದ ಬಳಿ ಪಟ್ಟಿ ಹಾಯುವ ಬಳೆಯಲ್ಲಿ ಬೆವರು, ಧೂಳು ಸೇರಿ ಅಂಟಾಗಿರುತ್ತದೆ. ಪಟ್ಟಿಯನ್ನು ಪೂರ್ತಿ ಎಳೆದು ಕ್ಲಿಪ್ ಹಾಕಿ ನಿಲ್ಲಿಸಿ. ಉಗುರುಬೆಚ್ಚನೆ ನೀರು, ಮೃದು ಸೋಪು, ಬಟ್ಟೆಯಿಂದ ಬಳೆಯನ್ನೂ ಪಟ್ಟಿಯನ್ನೂ ಒರೆಸಿ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಬಿಡಿ. ಒದ್ದೆ ಪಟ್ಟಿ ಒಳಗೆ ಹೋದರೆ ಬೂಷ್ಟು ಹಿಡಿಯುತ್ತದೆ, ರಿಟ್ರ್ಯಾಕ್ಟರಿಗೆ ತುಕ್ಕು ತರುತ್ತದೆ. ಬ್ಲೀಚು, ಬಣ್ಣ, ಪೆಟ್ರೋಲು ತಾಗಿಸಬೇಡಿ, ನಾರು ಸೊರಗುತ್ತದೆ. ಬಕಲಿಗೆ ಎಣ್ಣೆ ಬಿಡಬೇಡಿ. ಧೂಳು ಕಚ್ಚಿಕೊಂಡು ಮೊದಲಿಗಿಂತ ಕೆಡುತ್ತದೆ. ರಿಟ್ರ್ಯಾಕ್ಟರನ್ನು ಮನೆಯಲ್ಲಿ ಬಿಚ್ಚುವ ಸಾಹಸ ಯಾರಿಗೂ ಬೇಡ, ಒಳಗಿರುವುದು ಬಿಗಿದ ಸ್ಪ್ರಿಂಗ್ ಮತ್ತು ಸಿಡಿಮದ್ದು.

ಅಪಘಾತದಲ್ಲಿ ಭಾರ ಹೊತ್ತ ಬೆಲ್ಟನ್ನು ಮತ್ತೆ ಬಳಸಬಾರದು, ನೋಡಲು ಹೊಸದರಂತಿದ್ದರೂ ಸರಿ. ನಾರು ಒಮ್ಮೆ ಹಿಗ್ಗಿದರೆ ಮತ್ತೆ ಹಾಗೆ ಹಿಗ್ಗುವುದಿಲ್ಲ. ಭುಜದ ಬಳೆಯ ಒಳಗೆ ಪ್ಲಾಸ್ಟಿಕ್ ಕರಗಿ ಗೀರು ಬಿದ್ದಿದ್ದರೆ, ಪಟ್ಟಿಯ ಮೇಲೆ ಉಜ್ಜಿದ ಹೊಳಪು ಕಂಡರೆ, ಅದು ಹಿಂದೆ ಗುದ್ದು ಕಂಡ ಬೆಲ್ಟ್. ಹಳೆಯ ಕಾರು ಕೊಳ್ಳುವವರು ಈ ಗುರುತು ಹುಡುಕಬೇಕು. ಬಣ್ಣ ಬಳಿದು ಮುಚ್ಚಿದ ಅಪಘಾತವನ್ನು ಬೆಲ್ಟ್ ಹೇಳಿಬಿಡುತ್ತದೆ.

ಬಿಸಾಡಬೇಕಾದ ವಸ್ತುಗಳು ಕೆಲವಿವೆ. ಎಚ್ಚರಿಕೆಯ ಸದ್ದು ನಿಲ್ಲಿಸಲು ಬಕಲಿಗೆ ತೂರಿಸುವ ಬರೀ ನಾಲಿಗೆ. ಪಟ್ಟಿಯನ್ನು ಸಡಿಲವಾಗಿ ಹಿಡಿದಿಡುವ ಕ್ಲಿಪ್. ಎದೆಯ ಬಳಿ ಸಿಕ್ಕಿಸುವ ದಪ್ಪ ಮೆತ್ತೆ. ಸೊಂಟ ಜಾರಿಸುವ ನುಣುಪು ದಿಂಬು. ಸೀಟಿನ ಪಕ್ಕದ ಏರ್‌ಬ್ಯಾಗನ್ನು ಮುಚ್ಚುವ ಕವರನ್ನೂ ಇವುಗಳ ಜೊತೆಗೇ ಬಿಸಾಡಿ.

ಬೆಂಕಿ, ನೀರು, ತಲೆಕೆಳಗು

ಬೆಂಕಿ ಹತ್ತಿದರೆ, ನೀರಿಗೆ ಬಿದ್ದರೆ ಬೆಲ್ಟಿನಲ್ಲಿ ಸಿಕ್ಕಿಬೀಳುತ್ತೇವೆ ಎಂಬ ಹೆದರಿಕೆ ಹಳೆಯದು. ಅಂಥ ಅಪಘಾತಗಳು ಒಟ್ಟು ಅಪಘಾತಗಳಲ್ಲಿ ಬಹಳ ಸಣ್ಣ ಪಾಲು. ಅಲ್ಲೂ ಹೊರಬರಬಲ್ಲವರು ಪ್ರಜ್ಞೆ ಉಳಿದವರು, ತಲೆ ಒಡೆದುಕೊಂಡವರಲ್ಲ. ನೀರಿಗೆ ಬಿದ್ದರೆ ಮೊದಲು ನಿಮ್ಮ ಬೆಲ್ಟ್ ಬಿಚ್ಚಿ, ಕೂಡಲೇ ಪಕ್ಕದ ಕಿಟಕಿ ಇಳಿಸಿ ಅಥವಾ ಒಡೆಯಿರಿ, ಮಕ್ಕಳನ್ನು ಬಿಡಿಸಿ ಮುಂದೆ ದಾಟಿಸಿ, ಆಮೇಲೆ ನೀವು. ಬಾಗಿಲಿನೊಂದಿಗೆ ಗುದ್ದಾಡುತ್ತ ಹೊತ್ತು ಕಳೆಯಬೇಡಿ. ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯುವುದಿಲ್ಲ.

ಗಾಡಿ ಮಗುಚಿ ತಲೆಕೆಳಗಾಗಿ ನೇತಾಡುತ್ತಿದ್ದರೆ ಗುಂಡಿಯನ್ನು ತಕ್ಷಣ ಒತ್ತಬೇಡಿ, ಕತ್ತಿನ ಮೇಲೆ ಬೀಳುತ್ತೀರಿ. ಪಾದಗಳನ್ನು ನೆಲದ ಹಾಸಿಗೋ ಡ್ಯಾಶ್‌ಬೋರ್ಡಿಗೋ ಒತ್ತಿ ಹಿಡಿಯಿರಿ, ಒಂದು ಅಂಗೈಯನ್ನು ಚಾವಣಿಗೆ ಊರಿ ಭಾರ ತೆಗೆದುಕೊಳ್ಳಿ, ಗದ್ದವನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ಗುಂಡಿ ಒತ್ತಿ. ಮೈಭಾರದ ಎಳೆತಕ್ಕೆ ಗುಂಡಿ ಬಿಗಿಯಾಗಿರುತ್ತದೆ, ಜೋರಾಗಿ ಒತ್ತಬೇಕಾದೀತು. ಪಟ್ಟಿ ಕತ್ತರಿಸುವ ಚಾಕು ಇಟ್ಟುಕೊಳ್ಳುವವರು ಅದನ್ನು ಗ್ಲೋವ್ ಬಾಕ್ಸಿನಲ್ಲಿ ಇಡಬಾರದು, ಬೆಲ್ಟ್ ಬಿಗಿದಿರುವಾಗ ಅಲ್ಲಿಗೆ ಕೈ ಎಟಕುವುದಿಲ್ಲ. ಸೀಟಿನ ಪಕ್ಕದಲ್ಲೋ ನಡುವಿನ ಕನ್ಸೋಲಿನಲ್ಲೋ ಕಟ್ಟಿಡಿ. ಕತ್ತರಿಸುವಾಗ ಭುಜದ ಬಳಿ ಬಿಗಿಯಾಗಿರುವ ಕಡೆ ಓರೆಯಾಗಿ ಎಳೆಯಿರಿ, ಆಮೇಲೆ ಸೊಂಟದ ಪಕ್ಕ. ಸಡಿಲ ಪಟ್ಟಿಯನ್ನು ಯಾವ ಅಲಗೂ ಸುಲಭಕ್ಕೆ ಕೊಯ್ಯುವುದಿಲ್ಲ.